ಉಷ್ಣತಾಮಾನವು ನಮಗೆ ಕಲಿಸಿದ ಪಾಠ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿನಿಯಾದ ನಮಗೆ ಸಂತೋಷವೂ ಸಂಕೋಚವೂ ಕೂಡಿಯೇ ಉಂಟಾದವು. ಶಾಲೆಯ ಗಂಟೆ, ಬೆಳಗಿನ ಪ್ರಾರ್ಥನೆ, ವಸತಿಗೃಹದ ಜೋಳದ ರೊಟ್ಟಿ, ಕ್ರಿಸ್ತಜಯಂತಿಯ ಹಾಡುಗಳು, ಇವುಗಳನ್ನು ಕುರಿತು ನಮಗಿಂತ ಸೊಗಸಾಗಿ ಬರೆಯಬಲ್ಲ ಸೋದರಿಯರು ಅನೇಕರಿದ್ದಾರೆ. ಆದುದರಿಂದ ನಾವು ವಿಜ್ಞಾನದ ಕೋಣೆಯ ಕಪಾಟಿನಲ್ಲಿ ಅರಳೆಯ ಮೇಲೆ ಮಲಗಿರುತ್ತಿದ್ದ ಒಂದು ಗಾಜಿನ ಕಡ್ಡಿಯನ್ನು ಕುರಿತು ಬರೆಯಲು ನಿಶ್ಚಯಿಸಿದೆವು. ಅದೇ ಉಷ್ಣಮಾಪಕ. ಅದರಿಂದ ನಾವು ಕಲಿತ ಪಾಠವು ಪದಾರ್ಥವಿಜ್ಞಾನದ್ದೂ ಹೌದು, ರಸಾಯನ ಶಾಸ್ತ್ರದ್ದೂ ಹೌದು. ಕಡೆಗೆ ಅದು ನಮ್ಮ ಮನೆಯ ಪಾಠವೂ ಆಯಿತು. ಆ ಕಡೆಯ ಪಾಠಕ್ಕೆ ಎಷ್ಟು ಬೆಲೆ ತೆರಬೇಕಾಯಿತೆಂಬದನ್ನು ಮರೆಮಾಚದೆ ಹೇಳುವದೇ ಈ ಲೇಖನದ ಉದ್ದೇಶ.

ನಾವು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ವಿಜ್ಞಾನದ ಅಕ್ಕನವರು ನಮ್ಮನ್ನು ಗುಂಪುಗುಂಪಾಗಿ ನಿಲ್ಲಿಸಿ, ಸ್ಪಿರಿಟ್ ದೀಪದ ಮೇಲೆ ನೀರು ಕಾಯಿಸಲು ಹೇಳಿದರು. ನೀರು ಕುದಿಯತೊಡಗಿದಾಗ ಉಷ್ಣಮಾಪಕದ ಪಾದರಸವು ಎಲ್ಲಿಯ ವರೆಗೆ ಏರಿ ನಿಲ್ಲುವದೋ ಅದನ್ನು ನೋಡಿ ಬರೆದುಕೊಳ್ಳುವದು ಅಂದಿನ ಕೆಲಸ. ನೀರು ಕಳಕಳನೆ ಕುದಿಯಿತು. ಪಾದರಸವು ಏರಿ, 98ರ ಗೆರೆಯ ಬಳಿ ನಿಂತುಬಿಟ್ಟಿತು. ಬತ್ತಿಯನ್ನು ದೊಡ್ಡದು ಮಾಡಿದೆವು. ನೀರು ಇನ್ನೂ ಜೋರಾಗಿ ಕುದಿಯಿತೇ ಹೊರತು ಪಾದರಸವು ಕೂದಲೆಳೆಯಷ್ಟೂ ಮೇಲೇರಲಿಲ್ಲ. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ನೀರು ಕುದಿಯುವದು 100 ಡಿಗ್ರಿಯಲ್ಲಿ ಎಂದು ಪುಸ್ತಕದಲ್ಲಿ ಅಚ್ಚಾಗಿತ್ತು. ಹಿಂದಿನ ವಾರವಷ್ಟೇ ಅದನ್ನು ಬಾಯಿಪಾಠ ಒಪ್ಪಿಸಿದ್ದೆವು. ಹಾಗಾದ ಮೇಲೆ ತಪ್ಪು ಉಪಕರಣದ್ದೇ ಇರಬೇಕು. ನಾವೆಲ್ಲರೂ ನಮ್ಮ ನಮ್ಮ ವಹಿಗಳಲ್ಲಿ ದುಂಡಗೆ 100 ಎಂದು ಬರೆದೆವು.

ರಾಣೇಬೆನ್ನೂರಿನಿಂದ ಬಂದಿದ್ದ ಒಬ್ಬ ಹುಡುಗಿ ಮಾತ್ರ 98 ಎಂದು ಬರೆದಿದ್ದಳು. ಆಕೆಯ ತಂದೆಯವರು ದರ್ಜಿಯ ಕೆಲಸದವರು. ಅಳತೆ ಎಷ್ಟು ಬಂದಿತೋ ಅಷ್ಟನ್ನೇ ಬರೆಯಬೇಕು, ಇಲ್ಲವಾದರೆ ಅಂಗಿ ಮೈಗೆ ಕೂಡ್ರುವದಿಲ್ಲವೆಂಬ ಮಾತನ್ನು ಆಕೆಯು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಅಕ್ಕನವರು ವಹಿಗಳನ್ನೆಲ್ಲ ತಿರುವಿ ಹಾಕಿ, "ಇಲ್ಲಿ ಕುದ್ದದ್ದು ನೀರೋ, ಪುಸ್ತಕವೋ?" ಎಂದು ಕೇಳಿದರು. ನಾವು ನಕ್ಕೆವು. ಅವರು ನಗಲಿಲ್ಲ. "ನೋಡಿದ್ದನ್ನು ಬಿಟ್ಟು ನೋಡದ್ದನ್ನು ಬರೆಯುವದಕ್ಕೆ ಒಂದು ಹೆಸರಿದೆ, ಅದನ್ನು ನೀವು ಭಾನುವಾರದ ಪಾಠದಲ್ಲಿ ಕಲಿತಿದ್ದೀರಿ," ಎಂದಷ್ಟೇ ಹೇಳಿ, ಎಲ್ಲರ ವಹಿಗಳ ಮೇಲೂ ಕೆಂಪು ಮಸಿಯಿಂದ ಗೆರೆ ಎಳೆದರು.

ಅನಂತರ ಅವರು ಕಾರಣವನ್ನು ವಿವರಿಸಿದರು. ಕುದಿಯುವದೆಂದರೆ ನೀರಿನೊಳಗಿನ ಆವಿಯು ಮೇಲಿನ ವಾಯುಭಾರವನ್ನು ತಳ್ಳಿಕೊಂಡು ಗುಳ್ಳೆಗಳಾಗಿ ಹೊರಬರುವದು. ಭಾರವು ಕಡಿಮೆಯಾದರೆ ತಳ್ಳುವ ಶ್ರಮವೂ ಕಡಿಮೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಸಮುದ್ರ ಮಟ್ಟಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರದಲ್ಲಿವೆ; ಸುಮಾರು 300 ಮೀಟರು ಏರಿದರೆ ಕುದಿಬಿಂದುವು ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಆದ ಕಾರಣ ಮಂಗಳೂರಿನ ಕಡಲತೀರದಲ್ಲಿ 100 ಡಿಗ್ರಿಗೆ ಕುದಿಯುವ ನೀರು ನಮ್ಮಲ್ಲಿ ಸುಮಾರು 98ಕ್ಕೇ ಕುದಿಯುವದು. ಪುಸ್ತಕದ ಮಾತೂ ನಿಜ, ಪಾದರಸದ ಮಾತೂ ನಿಜ. ಸುಳ್ಳಾದದ್ದು ನಮ್ಮ ವಹಿ ಮಾತ್ರ. ನಾವು ಇಂದು ಉಪಯೋಗಿಸುವ ಮಾನವನ್ನು 1742ರಲ್ಲಿ ಗೊತ್ತುಪಡಿಸಿದ ಸ್ವೀಡನ್ ದೇಶದ ಸೆಲ್ಸಿಯಸ್ ಪಂಡಿತನು, ಕುದಿಬಿಂದುವು ವಾಯುಭಾರಕ್ಕೆ ತಕ್ಕಂತೆ ಬದಲಾಗುವದನ್ನು ತಾನೇ ಅಳೆದು ತೋರಿಸಿದ್ದನು. ಇನ್ನೊಂದು ವಿನೋದದ ಸಂಗತಿ: ಆತನು ಕುದಿಯುವ ನೀರಿಗೆ 0 ಎಂದೂ, ಕರಗುವ ಮಂಜುಗಡ್ಡೆಗೆ 100 ಎಂದೂ ಗುರುತು ಹಾಕಿದ್ದನು, ಅದನ್ನು ತಲೆಕೆಳಗು ಮಾಡಿದವರು ಅವನ ತರುವಾಯದವರು.

ವಾಚಕರೇ, 'ಬಿಸಿ' ಎಂಬ ನಮ್ಮ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ವಿಷಯಗಳು ಅಡಗಿಕೊಂಡಿವೆ. ಒಂದು, ನಮ್ಮ ಮೈಗೆ ತೋರುವ ಅನುಭವ. ಎರಡು, ಉಷ್ಣತಾಮಾನ, ಅಂದರೆ ಉಷ್ಣಮಾಪಕವು ತೋರಿಸುವ ಡಿಗ್ರಿ. ಮೂರು, ಉಷ್ಣ ಅಥವಾ ಶಾಖ, ಅಂದರೆ ಒಂದು ವಸ್ತುವಿನಿಂದ ಮತ್ತೊಂದಕ್ಕೆ ಹರಿದು ಹೋಗುವ ಶಕ್ತಿ. ಈ ಮೂರನ್ನೂ ಒಂದೇ ಎಂದು ಭಾವಿಸುವದರಿಂದ ಆಗುವ ತೊಡಕುಗಳು ಅಷ್ಟಿಷ್ಟಲ್ಲ.

ಮೊದಲು ಅನುಭವದ ಮಾತು. ಮಾಗಿಯ ಚಳಿಯಲ್ಲಿ ಬೆಳಗಿನ ಜಾವ ಎದ್ದು ಹಿತ್ತಾಳೆಯ ಕೊಡವನ್ನು ಮುಟ್ಟಿದರೆ ಕೈ ಜುಮ್ಮೆನ್ನುವದು. ಅದರ ಪಕ್ಕದ ಕಟ್ಟಿಗೆಯ ಮಣೆಯನ್ನು ಮುಟ್ಟಿದರೆ ಹಾಗಾಗುವದಿಲ್ಲ. ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿದ್ದ ಇವೆರಡರ ಉಷ್ಣತಾಮಾನವು ಒಂದೇ. ಆದರೆ ಹಿತ್ತಾಳೆಯು ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಕಟ್ಟಿಗೆಯು ನಿಧಾನವಾಗಿ. ಕೈಗೆ ತಿಳಿಯುವದು ವಸ್ತುವಿನ ಡಿಗ್ರಿಯಲ್ಲ, ತನ್ನಿಂದ ಶಾಖವು ಹೋಗುವ ವೇಗ. ನಂಬದವರು ಮೂರು ಬೋಗುಣಿಗಳಲ್ಲಿ ಬಿಸಿ, ತಣ್ಣೀರು, ಉಗುರುಬೆಚ್ಚಗಿನ ನೀರು ಇಟ್ಟು, ಒಂದು ಕೈಯನ್ನು ಬಿಸಿಯಲ್ಲಿಯೂ ಮತ್ತೊಂದನ್ನು ತಣ್ಣೀರಿನಲ್ಲಿಯೂ ಸ್ವಲ್ಪ ಹೊತ್ತು ಅದ್ದಿ, ಬಳಿಕ ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ನೋಡಲಿ. ಒಂದೇ ನೀರನ್ನು ಒಂದು ಕೈ ತಂಪೆನ್ನುವದು, ಮತ್ತೊಂದು ಬಿಸಿಯೆನ್ನುವದು.

ಕೈಯಂತೆ ನಾಲಗೆಯೂ ಮೋಸಹೋಗುತ್ತದೆ. ಇದನ್ನು ಹೇಳಲು ಬ್ಯಾಡಗಿಯವರಾದ ನಮಗಿಂತ ಹೆಚ್ಚಿನ ಅಧಿಕಾರ ಯಾರಿಗಿದೆ? ಡಬ್ಬಿ, ಕಡ್ಡಿ ಎಂಬ ಎರಡು ಬಗೆಯ ನಮ್ಮೂರ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯು ದೊರೆತಿದೆ. ಅದರ ಕೀರ್ತಿಯು ಕಡುಗೆಂಪು ಬಣ್ಣದಿಂದ, ಖಾರವು ಸೌಮ್ಯ. ಆದರೂ ಖಾರ ತಿಂದು ರೂಢಿಯಿಲ್ಲದ ಅತಿಥಿಗಳು ಬಂದರೆ "ಬಾಯಿ ಉರಿಯಿತು" ಎನ್ನದೆ ಇರುವದಿಲ್ಲ. ಅವರ ಬಾಯಿಗೆ ಉಷ್ಣಮಾಪಕವನ್ನಿಟ್ಟು ನೋಡಿದರೆ ಅಲ್ಲಿ ಯಾವ ಉರಿಯೂ ಕಾಣದು. ನಮ್ಮ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿಗಿಂತ ಮೇಲಿನ ಬಿಸಿ ತಾಗಿದಾಗ ತೆರೆದುಕೊಳ್ಳುವ ಒಂದು ಸೂಕ್ಷ್ಮ ದ್ವಾರವಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಖಾರದ ಅಂಶವು ಅದೇ ದ್ವಾರವನ್ನು ಬಿಸಿಯಿಲ್ಲದೆಯೇ ತೆರೆದುಬಿಡುತ್ತದೆ; ಮೆದುಳು ಬೆಂಕಿ ಬಿದ್ದಿತೆಂದು ತಿಳಿಯುತ್ತದೆ. ಇದನ್ನು 1997ರಲ್ಲಿ ಕಂಡುಹಿಡಿದ ಅಮೆರಿಕದ ಡೇವಿಡ್ ಜೂಲಿಯಸ್ ಎಂಬ ವಿದ್ವಾಂಸರು 2021ರ ನೊಬೆಲ್ ಬಹುಮಾನವನ್ನು ಮತ್ತೊಬ್ಬರೊಡನೆ ಹಂಚಿಕೊಂಡರು. ಖಾರದ ಅಂಶವು ನೀರಿನಲ್ಲಿ ಕರಗದು. ಆದುದರಿಂದ ಎಷ್ಟು ನೀರು ಕುಡಿದರೂ ಪ್ರಯೋಜನವಿಲ್ಲ, ಮೊಸರು ತಿಂದರೆ ಶಮನವಾಗುವದು. ನಮ್ಮ ಅಜ್ಜಿಯರಿಗೆ ಕಾರಣ ತಿಳಿಯದಿದ್ದರೂ ಔಷಧವು ತಿಳಿದಿತ್ತು.

ಇನ್ನು ಉಷ್ಣತಾಮಾನಕ್ಕೂ ಶಾಖಕ್ಕೂ ಇರುವ ಭೇದ. ವಸ್ತುವೆಲ್ಲವೂ ಅಣುಗಳಿಂದಾದದ್ದು, ಅಣುಗಳು ಎಂದೂ ನೆಟ್ಟಗೆ ನಿಲ್ಲವು. ಅವುಗಳ ಅಡ್ಡಾದಿಡ್ಡಿ ಚಲನೆಯಲ್ಲಿ ಒಂದೊಂದಕ್ಕೆ ಸರಾಸರಿ ಎಷ್ಟು ಶಕ್ತಿಯಿದೆ ಎಂಬದರ ಅಳತೆಯೇ ಉಷ್ಣತಾಮಾನ. ಒಂದು ವಸ್ತುವನ್ನು ಕಾಯಿಸಲು ಒಟ್ಟು ಎಷ್ಟು ಶಾಖ ಬೇಕು ಎಂಬದು ವಸ್ತುವು ಎಷ್ಟಿದೆ, ಎಂಥದ್ದಿದೆ ಎಂಬುದರ ಮೇಲೆ ನಿಂತಿದೆ. ಸುರುಸುರು ಬತ್ತಿಯ ಕಿಡಿಯ ಉಷ್ಣತಾಮಾನವು ಸಾವಿರ ಡಿಗ್ರಿಯನ್ನು ಮೀರಿರಬಹುದು. ಅದು ಮುಂಗೈ ಮೇಲೆ ಬಿದ್ದರೆ ಚುರುಕೆಂದು ಆರಿ ಹೋಗುವದು. ಹಂಡೆಯ ನೀರು 60 ಡಿಗ್ರಿಯಷ್ಟೇ ಇದ್ದರೂ ಮೈಮೇಲೆ ಚೆಲ್ಲಿದರೆ ಚರ್ಮವು ಸುಲಿದು ಬರುವದು. ಕಿಡಿಯಲ್ಲಿ ಡಿಗ್ರಿ ಹೆಚ್ಚು, ಶಾಖ ಕಡಿಮೆ. ಹಂಡೆಯಲ್ಲಿ ಡಿಗ್ರಿ ಕಡಿಮೆ, ಶಾಖ ಹೆಚ್ಚು.

ಹಾಗೆಯೇ, ದೀಪವನ್ನು ದೊಡ್ಡದು ಮಾಡಿದರೂ ಕುದಿಯುವ ನೀರು 98ನ್ನು ದಾಟಲಿಲ್ಲವಷ್ಟೇ. ಹಾಗಾದರೆ ಆ ಶಾಖವೆಲ್ಲ ಎಲ್ಲಿ ಹೋಯಿತು? ಅದು ನೀರನ್ನು ಆವಿಯಾಗಿಸುವದರಲ್ಲಿ ವೆಚ್ಚವಾಯಿತು. ಸ್ಕಾಟ್ಲಂಡಿನ ಜೋಸೆಫ್ ಬ್ಲ್ಯಾಕ್ ಎಂಬ ಆಚಾರ್ಯನು ಹದಿನೆಂಟನೆಯ ಶತಮಾನದಲ್ಲಿ ಇದನ್ನು ತೋರಿಸಿ, ಉಷ್ಣಮಾಪಕಕ್ಕೆ ಕಾಣದ ಈ ಶಾಖವನ್ನು ಗುಪ್ತೋಷ್ಣವೆಂದು ಕರೆದನು. ಒಂದು ಗ್ರಾಂ ಆವಿಯು ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ಒಂದು ಗ್ರಾಂ ಕುದಿನೀರು ನಮ್ಮ ಮೈಯಷ್ಟು ತಣ್ಣಗಾಗುವ ವರೆಗೆ ಕೊಡುವದು 60ರಷ್ಟು ಮಾತ್ರ. ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಯನ್ನು ಏಕೆ ದೂರವಿಡಬೇಕೆಂಬದಕ್ಕೆ ಇದಕ್ಕಿಂತ ಹೆಚ್ಚಿನ ಉಪದೇಶ ಬೇಡ. ಇದೇ ನಿಯಮವು ತಿರುಗುಮುರುಗಾಗಿ ಬೇಸಿಗೆಯ ಮಣ್ಣಿನ ಹರವಿಯಲ್ಲಿ ನಮಗೆ ಉಪಕಾರ ಮಾಡುತ್ತದೆ. ಹೊರಮೈಯಲ್ಲಿ ಒಸರಿದ ನೀರು ಆವಿಯಾಗುತ್ತ ಒಳಗಿನ ನೀರಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ.

ಒಂದು ಸಲ ಸತ್ಯವೇದದ ತರಗತಿಯಲ್ಲಿ ದಾನಿಯೇಲನ ಗ್ರಂಥದ ಪಾಠ ನಡೆದಿತ್ತು. ನೆಬೂಕದ್ನೆಚ್ಚರ ಅರಸನು ಬೆಂಕಿಯ ಆವಿಗೆಯನ್ನು ಎಂದಿಗಿಂತ ಏಳರಷ್ಟು ಹೆಚ್ಚಾಗಿ ಉರಿಸಲು ಆಜ್ಞಾಪಿಸಿದ ಕಥೆಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಅದೇ ರಾಣೇಬೆನ್ನೂರಿನ ಹುಡುಗಿಯು ಆ ಮಧ್ಯಾಹ್ನ ವಿಜ್ಞಾನದ ಅಕ್ಕನವರ ಬಳಿ ಹೋಗಿ, "ಏಳರಷ್ಟು ಎಂದರೆ ಎಷ್ಟು ಡಿಗ್ರಿ, ಅಕ್ಕನವರೇ?" ಎಂದು ಕೇಳಿದಳು. ಅಕ್ಕನವರು ಸಿಟ್ಟಾಗಲಿಲ್ಲ, ಸುಣ್ಣದ ಕಡ್ಡಿಯನ್ನು ಎತ್ತಿಕೊಂಡರು. ಸೆಲ್ಸಿಯಸನ ಸೊನ್ನೆಯು ನಮ್ಮ ಅನುಕೂಲಕ್ಕಾಗಿ ಇಟ್ಟುಕೊಂಡದ್ದು. 20 ಡಿಗ್ರಿಯು 10 ಡಿಗ್ರಿಯ ಎರಡರಷ್ಟು ಬಿಸಿಯೆನ್ನುವದಕ್ಕೆ ಅರ್ಥವಿಲ್ಲ. ನಿಜವಾದ ಸೊನ್ನೆಯು ಇನ್ನೂ 273 ಡಿಗ್ರಿ ಕೆಳಗಿದೆ. ಅದಕ್ಕಿಂತ ತಣ್ಣಗಿನದು ಸೃಷ್ಟಿಯಲ್ಲಿಯೇ ಇರಲಾರದು. ಅಲ್ಲಿಂದ ಎಣಿಸುವ ಮಾನವನ್ನು 1848ರಲ್ಲಿ ಸೂಚಿಸಿದವರು ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ಪಂಡಿತರು. ಆವಿಗೆಯು ಮೊದಲು 1000 ಡಿಗ್ರಿಯಲ್ಲಿತ್ತೆಂದು ಊಹಿಸಿದರೆ ಕೆಲ್ವಿನ್ ಲೆಕ್ಕದಲ್ಲಿ 1273 ಆಗುವದು. ಅದರ ಏಳರಷ್ಟು 8911. ಸೂರ್ಯನ ಮೇಲ್ಮೈಯಾದರೋ 5800ರ ಆಸುಪಾಸು! "ಹಾಗಾದರೆ ಅರಸನು ಹೇಳಿದ್ದು ಡಿಗ್ರಿಯ ಲೆಕ್ಕವಲ್ಲ, ಸೌದೆಯ ಲೆಕ್ಕ," ಎಂದು ಅಕ್ಕನವರು ನಕ್ಕು ಮುಗಿಸಿದರು. ಸೌದೆಯನ್ನು ಏಳರಷ್ಟು ಹೆಚ್ಚಿಸಿದರೆ ಶಾಖವು ಏಳರಷ್ಟು ಹೊರಡಬಹುದು, ಉಷ್ಣತಾಮಾನವು ಹಾಗೆ ಏರುವದಿಲ್ಲ. ಪ್ರಶ್ನೆ ಕೇಳುವದರಿಂದ ಭಕ್ತಿಗೆ ಕುಂದುಂಟಾಗದೆಂಬದನ್ನು ನಾವು ಅಂದು ಕಲಿತೆವು.

ಇಷ್ಟು ಪದಾರ್ಥವಿಜ್ಞಾನದ ಮಾತಾಯಿತು. ರಸಾಯನ ಶಾಸ್ತ್ರದಲ್ಲಿ ಉಷ್ಣತಾಮಾನದ ಅಧಿಕಾರವು ಇನ್ನೂ ದೊಡ್ಡದು. ಅಲ್ಲಿ ಅದು ಎರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ: ಬದಲಾವಣೆಯು ಆಗುವದೋ ಇಲ್ಲವೋ, ಮತ್ತು ಆಗುವದಾದರೆ ಎಷ್ಟು ಬೇಗ.

ಮೊದಲನೆಯದಕ್ಕೆ ನಿದರ್ಶನವು ನಮ್ಮ ಶಾಲೆಯ ಮಾಡಿನ ಮೇಲೆಯೇ ಇದೆ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅಲ್ಲಿಂದ ಮಂಗಳೂರು ಹಂಚೆಂಬ ಹೆಸರು ದೇಶವೆಲ್ಲ ಹಬ್ಬಿತು. ಹಸಿ ಹಂಚನ್ನು ಬಿಸಿಲಿನಲ್ಲಿ ಎಷ್ಟು ದಿನ ಒಣಗಿಸಿದರೂ ಮಳೆ ಬಿದ್ದೊಡನೆ ಅದು ಕರಗಿ ಕೆಸರಾಗುವದು, ಏಕೆಂದರೆ ಬಿಸಿಲು ಮಣ್ಣಿನ ಮೇಲಣ ನೀರನ್ನಷ್ಟೇ ಕಳೆಯುತ್ತದೆ. ಭಟ್ಟಿಯಲ್ಲಿ ಸುಮಾರು 500 ಡಿಗ್ರಿಯನ್ನು ದಾಟಿಸಿದಾಗ ಮಣ್ಣಿನ ಕಣಗಳಲ್ಲಿ ರಾಸಾಯನಿಕವಾಗಿ ಬೆರೆತ ನೀರಿನ ಅಂಶವೂ ಹೊರಬೀಳುವದು. ಇನ್ನೂ ಮೇಲೇರಿ 900 ಡಿಗ್ರಿಯ ಸುಮಾರಿಗೆ ಬಂದಾಗ ಕಣಗಳು ಒಂದನ್ನೊಂದು ಹಿಡಿದು ಬೆಸೆದುಕೊಳ್ಳುವವು. ಆ ಮೇಲೆ ಎಷ್ಟು ಮಳೆ ಸುರಿದರೂ ಹಂಚು ಮರಳಿ ಮಣ್ಣಾಗದು. ನೂರು ದಿನಗಳ ಬಿಸಿಲು ಮಾಡಲಾರದ್ದನ್ನು ಒಂದು ದಿನದ ಭಟ್ಟಿಯು ಮಾಡುತ್ತದೆ. ಕೆಲವು ಬದಲಾವಣೆಗಳಿಗೆ ಹೊಸ್ತಿಲು ಇರುತ್ತದೆ. ಹೊಸ್ತಿಲಿನ ಹೊರಗೆ ಎಷ್ಟು ಕಾಲ ನಿಂತರೂ ಮನೆಯೊಳಗೆ ಬಂದಂತಾಗುವದಿಲ್ಲ.

ಎರಡನೆಯದಕ್ಕೆ ನಿದರ್ಶನವು ಬ್ಯಾಡಗಿಯ ಪೇಟೆ. ಸುಗ್ಗಿಯ ಕಾಲದಲ್ಲಿ ನಮ್ಮೂರ ಮಾರುಕಟ್ಟೆಯಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಕೆಂಪೇ ಕೆಂಪು. ಆದರೆ ಆ ಕೆಂಪು ಶಾಶ್ವತವಲ್ಲ. ಬಣ್ಣವನ್ನು ಕೊಡುವ ಕ್ಯಾಪ್ಸಾಂಥಿನ್ ಮೊದಲಾದ ದ್ರವ್ಯಗಳು ಗಾಳಿಯೊಡನೆ ಕೂಡಿ ಮೆಲ್ಲಮೆಲ್ಲನೆ ಕೆಡುತ್ತವೆ. ಬೇಸಿಗೆಯನ್ನು ಹೊರಗೆ ಕಳೆದ ಕಾಯಿ ಮಾಸಿ, ಬಿಳಿಚಿ ಹೋಗುತ್ತದೆ. ಬಣ್ಣಕ್ಕೇ ಬೆಲೆ ಕಟ್ಟುವ ವ್ಯಾಪಾರದಲ್ಲಿ ಇದು ಸಣ್ಣ ನಷ್ಟವಲ್ಲ. ಆದುದರಿಂದಲೇ ಇಂದು ಬ್ಯಾಡಗಿಯ ಸುತ್ತಮುತ್ತ ಕೋಲ್ಡ್ ಸ್ಟೋರೇಜುಗಳು ಅನೇಕ ಎದ್ದಿವೆ. ಅಲ್ಲಿ 10 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಚೀಲಗಳು ಮುಂದಿನ ವರ್ಷದ ವರೆಗೂ ಬಣ್ಣಗೆಡದೆ ಕಾಯುತ್ತವೆ. ಉಷ್ಣತಾಮಾನವು 10 ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗವು ಸುಮಾರು ಇಮ್ಮಡಿಯಾಗುವದು, ಇಳಿದರೆ ಅರ್ಧವಾಗುವದು ಎಂಬ ಸ್ಥೂಲ ನಿಯಮವಿದೆ. ಈ ಲೆಕ್ಕದಂತೆ 30ರಿಂದ 10ಕ್ಕೆ ಇಳಿಸಿದರೆ ಹಾನಿಯು ನಾಲ್ಕರಲ್ಲಿ ಒಂದು ಪಾಲಾಗುವದು. ಅದೇ ನಿಯಮವು ನಮ್ಮ ಅಡಿಗೆಮನೆಯಲ್ಲಿ ತಿರುವುಮುರುವಾಗಿ ನಡೆಯುತ್ತದೆ: ಪ್ರೆಶರ್ ಕುಕ್ಕರಿನೊಳಗೆ ವಾಯುಭಾರವನ್ನು ಹೆಚ್ಚಿಸಿ ನೀರನ್ನು 120 ಡಿಗ್ರಿಯ ವರೆಗೆ ಏರಿಸುವದರಿಂದ, ತೆರೆದ ಪಾತ್ರೆಯಲ್ಲಿ 98 ಡಿಗ್ರಿಗೆ ಬೇಯಲು ಬಹಳ ಹೊತ್ತು ಹಿಡಿಯುವ ತೊಗರಿಬೇಳೆಯು ಬೇಗನೆ ಬೆಂದು ಬರುತ್ತದೆ.

ಆದರೆ ಬರಿಯ 10 ಡಿಗ್ರಿಗೆ ಇಮ್ಮಡಿ ಏಕೆ? 27ರಿಂದ 37 ಡಿಗ್ರಿಗೆ ಏರಿದಾಗ ಅಣುಗಳ ಸರಾಸರಿ ವೇಗವು ನೂರಕ್ಕೆ ಎರಡರಷ್ಟೂ ಹೆಚ್ಚುವದಿಲ್ಲ. ಈ ಒಗಟನ್ನು ಬಿಡಿಸಿದವನು ಸ್ವೀಡನ್ನಿನ ಅರ‍್ಹೇನಿಯಸ್. 1889ರಲ್ಲಿ ಆತನು ಇದಕ್ಕಾಗಿ ವಿಚಾರಿಸಿದ್ದು ಕಬ್ಬಿನ ಸಕ್ಕರೆಯು ಹುಳಿಯ ಸಂಗಡ ಒಡೆಯುವ ಕ್ರಿಯೆಯನ್ನು. ಕಡಿದ ಕಬ್ಬನ್ನಾಗಲಿ ಹಿಂಡಿದ ಹಾಲನ್ನಾಗಲಿ ಬಿಸಿಲಿನಲ್ಲಿ ತಡಮಾಡಿ ಇಟ್ಟರೆ ಬೆಲ್ಲವು ಗಟ್ಟಿ ಕೂಡ್ರದೆಂದು ಹೇಳುವ ನಮ್ಮ ಆಲೆಮನೆಯವರ ಅನುಭವವೂ ಇದೇ ಸಕ್ಕರೆಯ ಒಡೆತಕ್ಕೆ ಸಂಬಂಧಿಸಿದ್ದು. ಅವನ ವಿವರಣೆಯನ್ನು ಶಾಲೆಯ ಮಾತಿನಲ್ಲಿಯೇ ಹೇಳಬಹುದು. ಒಂದು ತರಗತಿಯ ಸರಾಸರಿ ಅಂಕವು 50ರಿಂದ 52ಕ್ಕೆ ಏರಿತೆನ್ನಿರಿ. ಅದೇನೂ ದೊಡ್ಡ ಸುದ್ದಿಯಲ್ಲ. ಆದರೆ 90ನ್ನು ದಾಟುವವರು ಮೊದಲು ಇಬ್ಬರಿದ್ದಲ್ಲಿ ಈಗ ನಾಲ್ವರಾಗಬಹುದು. ರಾಸಾಯನಿಕ ಕ್ರಿಯೆಯಲ್ಲಿ ಭಾಗಿಯಾಗುವವು ಸರಾಸರಿ ಅಣುಗಳಲ್ಲ, ಎತ್ತರದ ಗೆರೆಯನ್ನು ದಾಟಿದ ಆ ಕೆಲವೇ ಅಣುಗಳು. ಸರಾಸರಿಯು ತುಸು ಏರಿದರೆ ಗೆರೆ ದಾಟುವವರ ಸಂಖ್ಯೆಯು ಬಹಳ ಏರುತ್ತದೆ. ಸಣ್ಣ ಡಿಗ್ರಿಗಳನ್ನು ಸಣ್ಣವೆಂದು ತಿಳಿಯಬಾರದೆಂಬ ಮಾತಿಗೆ ಇದೇ ಆಧಾರ.

ನಮ್ಮ ಶರೀರವೂ ಇಂಥ ಸಾವಿರಾರು ಕ್ರಿಯೆಗಳ ಆಲೆಮನೆಯೇ ಅಲ್ಲವೇ? ಸೃಷ್ಟಿಕರ್ತನು ಅದನ್ನು 37 ಡಿಗ್ರಿಯ ಆಸುಪಾಸಿನಲ್ಲಿ, ಬಹು ಇಕ್ಕಟ್ಟಾದ ಒಂದು ಮೇರೆಯೊಳಗೆ ಇರಿಸಿದ್ದಾನೆ. ಮೇಲಕ್ಕೆ ನಾಲ್ಕೈದು ಡಿಗ್ರಿ ಏರಿದರೆ ಜೀವಕ್ಕೇ ಅಪಾಯ. ಇಲ್ಲಿಗೆ ನಮ್ಮ ಮನೆಯ ಕಥೆಯು ಬಂತು.

ಆ ಒಂಬತ್ತನೆಯ ಇಯತ್ತೆಯ ಬೇಸಿಗೆಯ ರಜೆಗೆ ನಾವು ಬ್ಯಾಡಗಿಗೆ ಹೋದೆವು. ಆಗ ನಮ್ಮ ಊರು ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿಯು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮನೆಯಲ್ಲಿ ಜ್ವರ ನೋಡುವ ಒಂದು ಉಷ್ಣಮಾಪಕವಿತ್ತು. ಶಾಲೆಯಲ್ಲಿ ಶುಚಿತ್ವದ ಪಾಠವನ್ನು ಕಲಿತು ಬಂದ ಉತ್ಸಾಹದಲ್ಲಿ ನಾವು ಅದನ್ನು ಚೊಕ್ಕಟ ಮಾಡಬೇಕೆಂದು ಆಗ ತಾನೇ ಇಳಿಸಿದ ಕುದಿನೀರಿನಲ್ಲಿ ಅದ್ದಿದೆವು. ಟಪ್ಪೆಂದು ಬುಡವು ಸಿಡಿಯಿತು. ಪಾದರಸವು ಬೆಳ್ಳಿಯ ಮಣಿಗಳಂತೆ ಉರುಳಾಡಿತು. ಆ ಕಡ್ಡಿಯು 42 ಡಿಗ್ರಿಯ ವರೆಗೆ ಮಾತ್ರ ಗೆರೆಯುಳ್ಳದ್ದು. 90 ದಾಟಿದ ನೀರಿನಲ್ಲಿ ಹಿಗ್ಗಿದ ಪಾದರಸಕ್ಕೆ ಅದರಲ್ಲಿ ಜಾಗವೆಲ್ಲಿಯದು? ಕುದಿನೀರಿನ ಡಿಗ್ರಿಯನ್ನು ಅಳೆದು ಕೆಲವೇ ತಿಂಗಳಾಗಿದ್ದರೂ ನಮಗೆ ಅದು ಹೊಳೆಯಲಿಲ್ಲ. ಅಷ್ಟೇ ಅಲ್ಲ, ಮಣಿಗಳನ್ನು ಬರಿಗೈಯಿಂದ ಬಳಿದು ಹಿತ್ತಲಲ್ಲಿ ಹೂತೆವು. ಪಾದರಸದ ಆವಿಯು ವಿಷವೆಂಬ ಅರಿವೂ ನಮಗಿರಲಿಲ್ಲ. ಬೈಗಳಿಗೆ ಹೆದರಿ ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ರಾತ್ರಿ, ಮೂರು ವರ್ಷದ ನಮ್ಮ ಕಿರಿಯ ತಮ್ಮನು ಗಡಗಡ ನಡುಗತೊಡಗಿದನು. ಅವ್ವನು ಉಷ್ಣಮಾಪಕವನ್ನು ಗೂಡಿನಲ್ಲಿ ಹುಡುಕಿದಳು, ಪೆಟ್ಟಿಗೆಯಲ್ಲಿ ಹುಡುಕಿದಳು; "ನೀ ಏನಾದರೂ ನೋಡಿದಿಯೇನವ್ವಾ?" ಎಂದು ನಮ್ಮನ್ನು ಕೇಳಿದಳು. ನಾವು ಇಲ್ಲವೆಂದೆವು. ಅಜ್ಜಿಯು ಕೂಸಿನ ಅಂಗೈ ಅಂಗಾಲುಗಳನ್ನು ಮುಟ್ಟಿ, "ಜ್ವರ ಇಲ್ಲ ಬಿಡು, ಮೈ ಮಂಜಿನಂತೆ ತಣ್ಣಗಿದೆ, ಚಳಿ ಹತ್ತಿದೆ, ಹೊದಿಸಿರಿ," ಎಂದಳು. ಒಂದರ ಮೇಲೊಂದು ಎರಡು ಕಂಬಳಿಗಳನ್ನು ಹೊದಿಸಿದರು.

ಅಜ್ಜಿಯ ಕೈ ಸುಳ್ಳು ಹೇಳಲಿಲ್ಲ. ಕೈಕಾಲುಗಳು ನಿಜವಾಗಿಯೂ ತಣ್ಣಗಿದ್ದವು. ಜ್ವರವು ಏರುವ ಹೊತ್ತಿನಲ್ಲಿ ಮೆದುಳು ಶರೀರದ ಗುರಿಯನ್ನೇ ಮೇಲಕ್ಕೆ ಏರಿಸುತ್ತದೆ. ಗುರಿಯು 40ಕ್ಕೆ ಏರಿತೆನ್ನಿರಿ. ಆಗ 38ರಲ್ಲಿರುವ ಮೈ ತನಗೆ ಚಳಿಯಾಯಿತೆಂದೇ ತಿಳಿಯುತ್ತದೆ. ಸ್ನಾಯುಗಳು ನಡುಗಿ ಶಾಖವನ್ನು ಹುಟ್ಟಿಸುತ್ತವೆ. ಅದು ಹೊರಗೆ ಹೋಗದಂತೆ ಕೈಕಾಲಿನ ರಕ್ತನಾಳಗಳು ಕುಗ್ಗುತ್ತವೆ, ತುದಿಗಳು ತಣ್ಣಗಾಗುತ್ತವೆ. ಹೊರಗೆ ಮಂಜು, ಒಳಗೆ ಭಟ್ಟಿ. ಚಳಿಯೆಂಬ ಅನುಭವವೂ ಜ್ವರವೆಂಬ ಉಷ್ಣತಾಮಾನವೂ ಒಂದಕ್ಕೊಂದು ತದ್ವಿರುದ್ಧವಾಗಿ ನಿಲ್ಲುವ ಗಳಿಗೆಯದು. ಆ ಗಳಿಗೆಯಲ್ಲಿ ಸತ್ಯವನ್ನು ಹೇಳಬಲ್ಲ ಒಂದೇ ಸಾಕ್ಷಿಯು ನಮ್ಮ ಹಿತ್ತಲಲ್ಲಿ ಹೂತುಹೋಗಿತ್ತು.

ನಸುಕಿನಲ್ಲಿ ಕೂಸಿನ ಕೈಕಾಲು ಸೆಟೆದು, ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ಅವ್ವನ ಆ ಕೂಗನ್ನು ನಾವು ಇಂದಿಗೂ ಮರೆತಿಲ್ಲ. ನೆರೆಮನೆಯವರ ಜೀಪಿನಲ್ಲಿ ಹಾವೇರಿಗೆ ಒಯ್ದರು, ನಾವೂ ಜೊತೆಗಿದ್ದೆವು. ವೈದ್ಯರು ಮೊದಲು ಮಾಡಿದ ಕೆಲಸವೆಂದರೆ ಕಂಬಳಿಗಳನ್ನು ಕಿತ್ತು ಬಿಸಾಡಿದ್ದು. ಎರಡನೆಯದು ಉಷ್ಣಮಾಪಕವನ್ನು ಇಟ್ಟದ್ದು. 105 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 40ಕ್ಕೂ ಮೇಲೆ. ಮೈಯನ್ನು ಸಾದಾ ನೀರಿನ ಬಟ್ಟೆಯಿಂದ ಒರೆಸುತ್ತ, ಔಷಧವನ್ನು ಕೊಡುತ್ತ ಅವರು ಕೇಳಿದರು: "ರಾತ್ರಿ ಎಷ್ಟಿತ್ತು?" ಯಾರೂ ಮಾತಾಡಲಿಲ್ಲ.

ದೇವರ ದಯದಿಂದ ತಮ್ಮನು ಉಳಿದನು. ಅದು ಚಳಿಜ್ವರವೆಂದು ರಕ್ತಪರೀಕ್ಷೆಯಿಂದ ಗೊತ್ತಾಯಿತು. ಸಣ್ಣ ಮಕ್ಕಳಿಗೆ ಜ್ವರದಲ್ಲಿ ಇಂಥ ಸೆಳವು ಬರುವದುಂಟೆಂದು ವೈದ್ಯರು ಅವ್ವನಿಗೆ ಧೈರ್ಯ ಹೇಳಿದರು. ಉಷ್ಣಮಾಪಕವಿದ್ದಿದ್ದರೆ ಸೆಳವು ಬರುತ್ತಲೇ ಇರಲಿಲ್ಲವೆಂದು ನಾವು ಹೇಳಲಾರೆವು. ಆದರೆ ಕಂಬಳಿ ಹೊದಿಸುತ್ತಿರಲಿಲ್ಲ, ರಾತ್ರಿಯೇ ಹೊರಡುತ್ತಿದ್ದೆವು ಎಂಬದನ್ನು ಬಲ್ಲೆವು. ಅಂದು ಸಂಜೆ ದವಾಖಾನೆಯ ಜಗಲಿಯ ಮೇಲೆ ಅವ್ವನಿಗೆ ಎಲ್ಲವನ್ನೂ ಹೇಳಿದೆವು. ಅವಳು ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಒಡೆದದ್ದು ಗಾಜು, ಅವ್ವಾ. ಹೇಳಿದ್ದರೆ ಪಕ್ಕದ ಮನೆಯಿಂದ ಇಸಕೊಂಡು ಬರುತ್ತಿದ್ದೆ," ಎಂದಳು. ಬೈದಿದ್ದರೆ ನಾವು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆವೋ ಏನೋ.

ಆಗ ನಮಗೆ ಕೆಂಪು ಮಸಿಯ ಗೆರೆಯ ಅರ್ಥವಾಯಿತು. 98 ಕಂಡು 100 ಎಂದು ಬರೆದದ್ದೂ, ಒಡೆದುದನ್ನು ಬಲ್ಲೆವಾಗಿಯೂ ಇಲ್ಲವೆಂದದ್ದೂ ಒಂದೇ ತಪ್ಪಿನ ಎರಡು ಮುಖಗಳು. ಮೊದಲನೆಯದರಿಂದ ಯಾರಿಗೂ ನೋವಾಗಲಿಲ್ಲವೆಂದು ನಾವು ನಕ್ಕಿದ್ದೆವು. ಸಣ್ಣ ಡಿಗ್ರಿಯೆಂದು ಕಡೆಗಣಿಸಿದ್ದೆವು.

ತಾಯಿತಂದೆಗಳೇ, ಈಗ ಪಾದರಸದ ಉಷ್ಣಮಾಪಕಗಳು ಹಿಂದೆ ಸರಿದು, ಅಂಕಿಗಳಲ್ಲಿ ತೋರಿಸುವ ಡಿಜಿಟಲ್ ಉಷ್ಣಮಾಪಕಗಳು ಸುಲಭ ಬೆಲೆಗೆ ದೊರೆಯುತ್ತವೆ. ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ. ಅದರ ಓದುವಿಕೆಯನ್ನು ನಿಮ್ಮ ಹೆಣ್ಣುಮಕ್ಕಳ ಕೈಯಿಂದಲೇ ಬರೆಯಿಸಿರಿ. ಬರೆಯುವಾಗ ಸೆಲ್ಸಿಯಸೋ ಫ್ಯಾರನ್‌ಹೀಟೋ ಎಂಬದನ್ನೂ ಬರೆಯಲು ಹೇಳಿರಿ. ಒಂದರಲ್ಲಿ 98 ಎಂದರೆ ಕುದಿಯುವ ನೀರು, ಮತ್ತೊಂದರಲ್ಲಿ 98 ಎಂದರೆ ಆರೋಗ್ಯವಂತ ಮಗು. ಶಾಲೆಯಿಂದ ಬಂದ ಮಗಳನ್ನು ಪುಸ್ತಕದಲ್ಲಿ ಏನಿದೆಯೆಂದು ಕೇಳುವದರ ಜೊತೆಗೆ, ನೀನು ಏನು ನೋಡಿದೆಯೆಂದೂ ಕೇಳಿರಿ. ಮತ್ತು ಅವಳು ಏನನ್ನಾದರೂ ಒಡೆದುಕೊಂಡು ಬಂದಾಗ, ಹೇಳಲು ಹೆದರದಷ್ಟು ನಿಮ್ಮ ಮನೆಯನ್ನು ಬೆಚ್ಚಗೆ ಇಡಿರಿ.

ನಮ್ಮ ಶಾಲೆಯ ಮಕ್ಕಳು ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯವುಳ್ಳವರಾಗಿ ಬೆಳೆಯುವಂತೆ ಕರ್ತನು ಅನುಗ್ರಹಿಸಲೆಂದು ಪ್ರಾರ್ಥಿಸಿ, ಈ ಬರಹವನ್ನು ಮುಗಿಸುತ್ತೇವೆ.